ಊರಿನ ಹೆಸರಿನ ಕಲ್ಲು

ಧಾರವಾಡದವರು ಊರಿನ ಬಗ್ಗೆ ಹೇಳುವಾಗ ಪೇಢೆ, ಸಂಗೀತ, ಸಾಹಿತ್ಯ, ಮಳೆ ಅಂತ ಶುರು ಮಾಡುತ್ತಾರೆ. ಕಲ್ಲಿನ ಮಾತು ಬರುವುದೇ ಇಲ್ಲ. ಆದರೆ ಭೂವಿಜ್ಞಾನ ಓದಿದವರಿಗೆ, ಅವರು ಯಾವ ದೇಶದವರೇ ಆಗಲಿ, ಈ ಊರು ಗೊತ್ತಿರುವುದು ಕಲ್ಲಿನಿಂದಲೇ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ದಕ್ಷಿಣ ಭಾರತದ ಒಂದು ಬಹಳ ಹಳೆಯ ಶಿಲಾ ಸಮೂಹಕ್ಕೆ ಧಾರವಾಡದ ಹೆಸರಿಟ್ಟರು. ಇಂದಿಗೂ ಅದೇ ಹೆಸರು ನಡೆಯುತ್ತಿದೆ. ಕರ್ನಾಟಕದ ಬಹುಪಾಲು ನೆಲ ಕೂತಿರುವ ಗಟ್ಟಿ ತಳಕ್ಕೂ ಧಾರವಾಡ ಕ್ರೇಟಾನ್ ಅಂತಲೇ ಕರೆಯುತ್ತಾರೆ. ಈ ಕಲ್ಲುಗಳ ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ.

ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಇದೆಲ್ಲ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅಂಗಡಿಗೆ ಬರುತ್ತಿದ್ದ ನಿವೃತ್ತ ಮಾಸ್ತರೊಬ್ಬರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು. ತಿಂಗಳಿಗೊಂದು ಭಾನುವಾರ ಯಾರಾದರೂ ಬಂದರೆ ಸುತ್ತಲಿನ ಕಲ್ಲು ತೋರಿಸುತ್ತೇನೆ ಅಂದರು. ಬಸ್ ಕಂಡಕ್ಟರ್ ಒಬ್ಬರು ಬಂದರು. ಬೋರ್‌ವೆಲ್ ಲಾರಿಯ ಮೇಲೆ ಕೆಲಸ ಮಾಡುವ ಹುಡುಗ ಬಂದ. ಕಾಲೇಜು ಓದುವ ಇಬ್ಬರು ಹುಡುಗಿಯರು, ಒಬ್ಬ ಹೈಸ್ಕೂಲ್ ಟೀಚರ್, ನಾನು. ಹೀಗೆ ಶುರುವಾದ ನಮ್ಮ ಕೂಟಕ್ಕೆ ಹೆಸರಿಲ್ಲ, ಚಂದಾ ಇಲ್ಲ. ಒಂದು ರಿಜಿಸ್ಟರ್ ಪುಸ್ತಕ ಮಾತ್ರ ಇದೆ.

ಶುರುವಾಗಿದ್ದು ಮೃಗಶಿರಾ ಮಳೆಯ ಹೊತ್ತಿಗೆ. ಹೊರಗೆ ಹೋಗುವ ಹಾಗಿರಲಿಲ್ಲ. ಮಳೆಗಾಲವೆಲ್ಲ ಮಾಸ್ತರ ಮನೆಯ ಪಡಸಾಲೆಯಲ್ಲೇ ಕಳೆಯಿತು. ಆ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಕೈಗೆ ಅಭ್ಯಾಸ ಬಂದದ್ದು ಅಲ್ಲಿಯೇ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಕೈ ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿಯಬೇಕು, ಕಲ್ಲನ್ನು ಲೆನ್ಸಿನ ಹತ್ತಿರ ತರಬೇಕು. ಟೈಲ್ಸ್‌ನ ಹೊಳಪಿಲ್ಲದ ಹಿಂಬದಿಗೆ ಖನಿಜವನ್ನು ಉಜ್ಜಿ, ಬಿದ್ದ ಗೆರೆಯ ಬಣ್ಣ ನೋಡಬೇಕು. ಕಲ್ಲು ಕಪ್ಪಗೆ ಮಿಂಚುತ್ತಿದ್ದರೂ ಗೆರೆ ಕೆಂಪಗೆ ಬಿದ್ದರೆ ಅದು ಹೆಮಟೈಟ್ ಎಂಬ ಕಬ್ಬಿಣದ ಅದಿರು. ಗೆರೆ ಕಪ್ಪಾಗಿದ್ದು, ಅಯಸ್ಕಾಂತಕ್ಕೂ ಅಂಟಿಕೊಂಡರೆ ಮ್ಯಾಗ್ನೆಟೈಟ್, ಅದೂ ಕಬ್ಬಿಣದ ಅದಿರೇ. ನವಲಗುಂದ ಕಡೆಯ ಎರಿ ಹೊಲದಿಂದ ತಂದ ಸುಣ್ಣದ ಹರಳಿನ ಮೇಲೆ ತೆಳು ಆಮ್ಲದ ಹನಿ ಬಿಟ್ಟರೆ ಬುರುಬುರು ನೊರೆ ಬರುತ್ತದೆ. ಬೆಣಚುಕಲ್ಲಿನ ಮೇಲೆ ಬಿಟ್ಟರೆ ಏನೂ ಆಗುವುದಿಲ್ಲ. ಪ್ರತಿ ಕಲ್ಲಿಗೂ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ನಂಬರ್, ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ಸಿಕ್ಕ ಜಾಗ ಮತ್ತು ತಾರೀಖು. ಜಾಗ ಬರೆಯದ ಕಲ್ಲು ಬರೀ ಕಲ್ಲು ಅಂತ ಮಾಸ್ತರು ಮೊದಲ ದಿನವೇ ಹೇಳಿದ್ದರು.

ಮಳೆ ನಿಂತ ಮೇಲೆ ಅಣ್ಣಿಗೇರಿ ಮತ್ತು ಲಕ್ಕುಂಡಿಗೆ ಹೋದೆವು. ಈ ಗುಡಿಗಳನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ. ಆದರೆ ಬಾದಾಮಿ, ಪಟ್ಟದಕಲ್ಲು ಯಾಕೆ ಕೆಂಪು, ಲಕ್ಕುಂಡಿ ಯಾಕೆ ಹಸಿರು ಬೆರೆತ ಬೂದು ಅಂತ ಎಂದೂ ಯೋಚಿಸಿರಲಿಲ್ಲ. ಉತ್ತರ ಕಲ್ಲಿನಲ್ಲೇ ಇದೆ. ಬಾದಾಮಿ ಚಾಲುಕ್ಯರ ಕೈಗೆ ಸಿಕ್ಕಿದ್ದು ಮರಳುಗಲ್ಲು. ಅದು ಬೆಣಚಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಆದ ಕಲ್ಲು. ಒಂದೊಂದು ಕಣವೂ ಉಳಿಗಿಂತ ಗಟ್ಟಿ. ಹಾಗಾಗಿ ದೊಡ್ಡ ಮೂರ್ತಿ ಚೆನ್ನಾಗಿ ಮೂಡುತ್ತದೆ, ಕೂದಲೆಳೆಯಂಥ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಧಾರವಾಡ ಶಿಲೆಗಳ ನಾಡಿಗೆ ಸರಿದಾಗ ಅವರಿಗೆ ಕ್ಲೋರೈಟ್ ಶಿಸ್ಟ್ ಸಿಕ್ಕಿತು. ನಾವು ಬಳಪದ ಕಲ್ಲು ಅನ್ನುವುದು ಇದರ ಬಳಗದ್ದೇ. ಕ್ಲೋರೈಟ್ ಎಷ್ಟು ಮೆದು ಅಂದರೆ ಉಗುರಿನ ಗಡಸುತನಕ್ಕೆ ಹತ್ತಿರ. 1050ರ ಸುಮಾರಿಗೆ ಕಟ್ಟಿದ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಈ ಕಲ್ಲಿನ ಮೊದಲ ಗುಡಿಗಳಲ್ಲಿ ಒಂದು ಅಂತ ಎಣಿಸುತ್ತಾರೆ. ಅಲ್ಲಿಂದ ಮುಂದೆ ಲಕ್ಕುಂಡಿ, ಡಂಬಳ, ಹಾವೇರಿ, ಚೌಡದಾನಪುರ, ಗಳಗನಾಥ ಎಲ್ಲ ಕಡೆ ಇದೇ ಹಸಿರು ಬೂದು ಬಣ್ಣ.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಂಬಗಳ ಮುಂದೆ ನಮ್ಮ ಬೋರ್‌ವೆಲ್ ಹುಡುಗ ಬಹಳ ಹೊತ್ತು ನಿಂತಿದ್ದ. ಕಲ್ಲನ್ನು ತಿರುಗಿಸಿ ಕಡೆದ ಕಂಬಗಳವು. ಅಂಚುಗಳು ಇಂದಿಗೂ ಚೂಪು. "ಇದು ತಿರುಗಿಸಿದ್ದರಿ, ಗುರುತು ಕಾಣಸ್ತದ" ಅಂದ. ದಿನವೂ ಯಂತ್ರ ಕಲ್ಲನ್ನು ಕೊರೆಯುವುದನ್ನು ನೋಡುವವನು ಅವನು. ಅವನ ಕಣ್ಣಿಗೆ ಕಂಡದ್ದು ನಮಗೆ ಕಂಡಿರಲಿಲ್ಲ. ಗುಡಿಯ ಕಲ್ಲನ್ನು ನಾವು ಕೆರೆಯಲಿಲ್ಲ, ಒರೆಸಲೂ ಇಲ್ಲ. ಅಲ್ಲಿ ಲೆನ್ಸ್ ಬಿಟ್ಟು ಯಾವ ಸಾಮಾನೂ ಚೀಲದಿಂದ ಹೊರಗೆ ಬರಬಾರದು ಅಂತ ಮೊದಲೇ ಮಾತಾಗಿತ್ತು.

ಚಳಿಗಾಲದಲ್ಲಿ ಕಪ್ಪತಗುಡ್ಡ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಅಂತ ನಮ್ಮ ಕಡೆ ಮಾತಿದೆ. 2019ರಲ್ಲಿ ಇದು ವನ್ಯಜೀವಿ ಧಾಮವಾಯಿತು. ಅನುಮತಿ ತೆಗೆದುಕೊಂಡು ಹೋಗಬೇಕು, ಒಂದು ಹರಳನ್ನೂ ಎತ್ತಿಕೊಂಡು ಬರಬಾರದು. ಗಣಿಗಾರಿಕೆಯ ಭಯದಲ್ಲಿ ವರ್ಷಗಟ್ಟಲೆ ಇದ್ದ ಗುಡ್ಡ ಇದು. ಇಲ್ಲಿನ ಜನ ಹೋರಾಡಿ ಉಳಿಸಿಕೊಂಡಿದ್ದಾರೆ. ಕಲ್ಲು ಇಷ್ಟಪಡುವವರು ಇಲ್ಲಿ ಸುತ್ತಿಗೆ ಹಿಡಿಯಬಾರದು ಅನ್ನುವುದು ನನಗೆ ಪೂರ್ತಿ ಸರಿ ಅನ್ನಿಸುತ್ತದೆ.

ಗಾಳಿಗುಂಡಿ ಬಸವಣ್ಣನ ಕಡೆ ಹತ್ತುವಾಗ ಪಟ್ಟೆ ಪಟ್ಟೆ ಕಲ್ಲು ಸಿಕ್ಕಿತು. ಒಂದು ಪಟ್ಟೆ ಕೆಂಪು ಕಪ್ಪು, ಅದರ ಪಕ್ಕ ಒಂದು ಬಿಳಿ ಬೂದು, ಮತ್ತೆ ಕೆಂಪು. ಕೆಲವು ಪಟ್ಟೆ ಬೆರಳಿಗಿಂತ ತೆಳು. ಕೆಂಪು ಪಟ್ಟೆ ಕಬ್ಬಿಣದ್ದು, ಬಿಳಿ ಪಟ್ಟೆ ಸಿಲಿಕಾದ್ದು, ಅಂದರೆ ಬೆಣಚುಕಲ್ಲಿನಲ್ಲಿ ಇರುವ ವಸ್ತುವೇ. ಇವು ಸಮುದ್ರದ ತಳದಲ್ಲಿ ಕೂತ ಪದರಗಳು. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ. ಆದ್ದರಿಂದ ಕಬ್ಬಿಣ ಸಮುದ್ರದ ನೀರಿನಲ್ಲಿ ಕರಗಿಕೊಂಡೇ ಇರುತ್ತಿತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತಾ ಆಮ್ಲಜನಕ ಬಿಟ್ಟಾಗ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು ಅಂತ ವಿವರಿಸುತ್ತಾರೆ. ನಾವು ಉಸಿರಾಡುವ ಗಾಳಿಯ ಹಿಂದಿನ ಕಥೆ ಗದಗ ಜಿಲ್ಲೆಯ ಒಂದು ಗುಡ್ಡದ ದಾರಿಯಲ್ಲಿ ಕಾಲ ಕೆಳಗೆ ಬಿದ್ದಿದೆ. ಇದನ್ನು ಕೇಳಿ ನಾನು ಅಲ್ಲೇ ಕೂತುಬಿಟ್ಟೆ. ಈ ಗಟ್ಟಿ ಪಟ್ಟೆಗಳೇ ಗುಡ್ಡ ಎದ್ದು ನಿಲ್ಲಲೂ ಕಾರಣ. ಅಕ್ಕಪಕ್ಕದ ಮೆದು ಶಿಲೆ ಸವೆದು ಹೊಲವಾಯಿತು, ಕಬ್ಬಿಣದ ಪಟ್ಟೆ ಸವೆಯದೆ ಏಣಾಗಿ ಉಳಿಯಿತು.

ಕೆಳಗೆ ಇಳಿದಾಗ ಊರಿನ ಹುಡುಗರು ಸುತ್ತ ನೆರೆದರು. "ಬಂಗಾರ ಹುಡುಕಾಕ ಬಂದೀರೇನ್ರಿ?" ಅಂತ ಒಬ್ಬ ಕೇಳಿದ. ಆ ಪ್ರಶ್ನೆಗೆ ಕಾರಣ ಇದೆ. ಇದೇ ಗುಡ್ಡದ ಸಾಲಿನ ಬಂಗಾರದ ಬಗ್ಗೆ ಫೂಟ್ 1874ರಲ್ಲಿ ಬರೆದಿದ್ದಾರೆ. ಸೊರಟೂರು ಕಡೆಯ ಹಳ್ಳಗಳಲ್ಲಿ ಮರಳು ತೊಳೆದು ಬಂಗಾರದ ಪುಡಿ ತೆಗೆಯುವ ಜಾಲಗಾರರು ಆಗ ಇದ್ದರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹೊಸೂರು, ಕಬಲಾಯತಕಟ್ಟಿ ಕಡೆ ಕಂಪನಿಗಳು ಗಣಿ ತೋಡಿದವು, ಕೆಲವು ವರ್ಷಗಳಲ್ಲೇ ನಿಲ್ಲಿಸಿದವು. ಬಂಗಾರ ಇರುವುದು ಬೆಣಚುಕಲ್ಲಿನ ನಾಳಗಳಲ್ಲಿ. ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ. ಹುಡುಗ ಜೇಬಿನಿಂದ ಹಳದಿ ಮಿಂಚುವ ಕಲ್ಲೊಂದನ್ನು ತೆಗೆದ. ಟೈಲ್ಸ್ ಚೂರನ್ನು ಅವನ ಕೈಗೇ ಕೊಟ್ಟೆವು. ಉಜ್ಜಿದ. ಗೆರೆ ಹಸಿರು ಬೆರೆತ ಕಪ್ಪು. ಬಂಗಾರವಾಗಿದ್ದರೆ ಗೆರೆಯೂ ಹಳದಿಯೇ ಇರಬೇಕಿತ್ತು. ಇದು ಪೈರೈಟ್, ಕಬ್ಬಿಣ ಮತ್ತು ಗಂಧಕ ಕೂಡಿದ್ದು. ಹುಡುಗನಿಗೆ ಬೇಜಾರಾಗಲಿಲ್ಲ. ಟೈಲ್ಸ್ ಚೂರು ತನಗೆ ಬೇಕು ಅಂದ. ಕೊಟ್ಟು ಬಂದೆವು.

ಇನ್ನು ಈ ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ದಿನ. ಅದು ರಾಣೇಬೆನ್ನೂರು ಕಡೆಯ ಒಂದು ಬಾವಿ. ಬೇಸಿಗೆಯಲ್ಲಿ ಹೋಗಿದ್ದೆವು. ನೀರು ತಳ ಹಿಡಿದಾಗಲೇ ಬಾವಿಯ ಗೋಡೆ ಪೂರ್ತಿ ಕಾಣುವುದು. ಕಂಡಕ್ಟರ್ ಅವರ ಸಂಬಂಧಿಕರ ಹೊಲ. ಹಳೆಯ ಕಾಲದ ಚೌಕ ಬಾವಿ, ಇಳಿಯಲು ಕಲ್ಲಿನ ಮೆಟ್ಟಿಲು. ಮೇಲೆ ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕಗ್ಗಲ್ಲು. ಆ ಕಗ್ಗಲ್ಲಿನ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದವು.

ಈ ಕಲ್ಲಿಗೆ ಗ್ರೇವ್ಯಾಕ್ ಅನ್ನುತ್ತಾರೆ. ರಾಣೇಬೆನ್ನೂರಿನ ಹೆಸರು ಕೂಡ ಈ ಕಲ್ಲಿನ ಜೊತೆ ಪುಸ್ತಕ ಸೇರಿದೆ. ಮರಳು, ಮಣ್ಣು, ಕಲ್ಲಿನ ಚೂರು ಎಲ್ಲ ಬೆರೆತು ಸಮುದ್ರದ ಇಳಿಜಾರಿನಲ್ಲಿ ಒಮ್ಮೆಲೇ ಜಾರಿ, ಕೆಸರು ಪ್ರವಾಹವಾಗಿ ಆಳಕ್ಕೆ ಹೋಗಿ ಕೂತು ಆದದ್ದು. ಒಂದು ಜಾರುವಿಕೆಗೆ ಒಂದು ಪದರ. ಮಾಸ್ತರು ನಮಗೆ ಒಂದೇ ಕೆಲಸ ಕೊಟ್ಟರು. ಈ ಪದರಗಳು ಮಲಗಿದ್ದಾಗ ಮೇಲ್ಮುಖ ಯಾವ ಕಡೆ ಇತ್ತು, ಕಂಡುಹಿಡಿಯಿರಿ. ಅಷ್ಟು ಹೇಳಿ ಮೆಟ್ಟಿಲ ಮೇಲೆ ಕೂತರು.

ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಲೆನ್ಸ್ ಹಿಡಿದೆವು. ಮೊದಮೊದಲು ಎಲ್ಲ ಒಂದೇ ಬೂದು. ಆಮೇಲೆ ಒಂದು ಪದರದ ಪಶ್ಚಿಮದ ಅಂಚಿನಲ್ಲಿ ಕಣಗಳು ಸಕ್ಕರೆಯಷ್ಟು ದಪ್ಪ ಇರುವುದು ಕಂಡಿತು. ಪೂರ್ವಕ್ಕೆ ಸರಿದಂತೆ ಕಣ ಸಣ್ಣದಾಗುತ್ತಾ ಹೋಯಿತು, ಕೊನೆಗೆ ನುಣ್ಣಗೆ ಕಪ್ಪು. ಅಲ್ಲಿ ಒಂದು ಗೆರೆ. ಗೆರೆ ದಾಟಿದ ಕೂಡಲೇ ಮತ್ತೆ ದಪ್ಪ ಕಣ. ಮುಂದಿನ ಪದರದಲ್ಲೂ ಅದೇ ಕ್ರಮ. ಅದರ ಮುಂದಿನದರಲ್ಲೂ.

ಹೊಲದ ಯಜಮಾನರು ಮೇಲಿನಿಂದ ಬಗ್ಗಿ ನೋಡುತ್ತಿದ್ದರು. "ಏನ್ ನೋಡಾಕತ್ತೀರಿ ಅಷ್ಟ್ ಹೊತ್ತಿಂದ?" ಅಂದರು. ಕಾಲೇಜು ಹುಡುಗಿ ಮೇಲೆ ಹತ್ತಿ ಹೋದಳು. ತನ್ನ ನೀರಿನ ಬಾಟಲಿಗೆ ಒಂದು ಹಿಡಿ ಹರಳು ಮಣ್ಣು, ಒಂದು ಹಿಡಿ ಎರಿ ಮಣ್ಣು ಹಾಕಿ ಚೆನ್ನಾಗಿ ಅಲ್ಲಾಡಿಸಿ ಕಟ್ಟೆಯ ಮೇಲೆ ಇಟ್ಟಳು. ಹರಳು ತಕ್ಷಣ ತಳಕ್ಕೆ ಇಳಿಯಿತು. ಅದರ ಮೇಲೆ ಮರಳು ಕೂತಿತು. ನುಣ್ಣನೆಯ ಮಣ್ಣು ಬಹಳ ಹೊತ್ತು ತೇಲುತ್ತಾ ಕೊನೆಗೆ ಮೇಲುಪದರವಾಯಿತು. "ದಪ್ಪ ಇರೋದು ತಳ, ಸಣ್ಣ ಇರೋದು ಮೇಲ. ಈಗ ಬಾವಿ ನೋಡ್ರಿ" ಅಂದಳು. ಯಜಮಾನರು ಮೆಟ್ಟಿಲು ಇಳಿದು ಬಂದರು. ಲೆನ್ಸ್ ಬೇಡ ಅಂದರು. ಹೆಬ್ಬೆರಳಿನಿಂದ ಪದರವನ್ನು ಅಡ್ಡಕ್ಕೆ ಸವರಿದರು. "ಈ ಕಡೆ ಒರಟ ಐತಿ, ಆ ಕಡೆ ನುಣಪ. ಅಂದ್ರ ಮ್ಯಾಲಿಂದು ಮೂಡಣಕ್ಕ ತಿರುಗೇತಿ" ಅಂದರು. ನಾವು ಲೆನ್ಸ್ ಹಿಡಿದು ಕಂಡದ್ದನ್ನು ಅವರು ಬೆರಳಿನಿಂದ ಓದಿದರು.

ಆಮೇಲೆ ಅವರೇ ನಮಗೆ ಪಾಠ ಹೇಳಿದರು. ಬಾವಿಗೆ ನೀರು ಎಲ್ಲಿಂದ ಬರುತ್ತದೆ ಅಂತ ತೋರಿಸಿದರು. ಗಟ್ಟಿ ಪದರದ ನಡುವಿನಿಂದ ಅಲ್ಲ, ಎರಡು ಪದರ ಕೂಡುವ ಕಡೆ ಬಿಟ್ಟ ಸೀಳುಗಳಿಂದ. ಅಲ್ಲಲ್ಲಿ ಒದ್ದೆ ಕಲೆ ಇತ್ತು. ಅವರ ತಂದೆ ಬಾವಿ ತೋಡಿಸುವಾಗ ಸೀಳಿಗೆ ಅಡ್ಡಲಾಗಿಯೇ ಅಗಲ ಮಾಡಿಸಿದ್ದರಂತೆ, ಜಾಸ್ತಿ ಸೀಳು ಸಿಗಲಿ ಅಂತ. ಬೋರ್‌ವೆಲ್ ಹುಡುಗ ಇದನ್ನು ಕೇಳಿ ಗೋಡೆಗೆ ಕೈ ಇಟ್ಟು ನಿಂತ. ಬೋರ್ ನೆಟ್ಟಗೆ ಇಳಿಯುತ್ತದೆ, ಪದರವೂ ನೆಟ್ಟಗೆ ನಿಂತಿದೆ. ಕೊರೆಯುವ ತೂತು ಎರಡು ಸೀಳುಗಳ ನಡುವೆ ಗಟ್ಟಿ ಕಲ್ಲಿನಲ್ಲೇ ಇಳಿದರೆ ಎಷ್ಟು ಅಡಿ ಹೋದರೂ ಸುಮ್ನೆ ಪುಡಿ ಏಳುತ್ತದೆ. ಅವನು ಎಷ್ಟೋ ಹೊಲಗಳಲ್ಲಿ ಆ ಒಣ ಪುಡಿ ನೋಡಿದವನು. ಸಾಲ ಮಾಡಿ ಬೋರ್ ಹಾಕಿಸಿದವರ ಮುಖಗಳನ್ನೂ ನೋಡಿದವನು. ಅಂದು ಸಂಜೆಯವರೆಗೂ ಅವನು ಮಾಸ್ತರರನ್ನು ಬಿಡಲಿಲ್ಲ. ಪದರ ಯಾವ ದಿಕ್ಕಿಗೆ ಹೋಗುತ್ತದೆ, ಎಷ್ಟು ಓರೆಯಾಗಿದೆ, ಮೇಲೆ ನಿಂತೇ ಅದನ್ನು ತಿಳಿಯುವುದು ಹೇಗೆ, ಎಲ್ಲ ಕೇಳಿದ. ದಿಕ್ಸೂಚಿ ಹಿಡಿಯುವುದನ್ನು ಅಂದೇ ಕಲಿತ.

ಮಲಗಿದ್ದ ಪದರಗಳನ್ನು ಇಷ್ಟು ನೆಟ್ಟಗೆ ನಿಲ್ಲಿಸಿದ್ದು ಯಾವುದು? ಎರಡೂ ಬದಿಯಿಂದ ಒತ್ತಿದರೆ ಕೌದಿ ಮಡಿಕೆ ಮಡಿಕೆಯಾಗಿ ಏಳುವ ಹಾಗೆ ಇಲ್ಲಿನ ನೆಲವೂ ಒತ್ತಡಕ್ಕೆ ಮಡಚಿಕೊಂಡಿದೆ. ನಾವು ಬಾವಿಯಲ್ಲಿ ನೋಡಿದ್ದು ಅಂಥ ಒಂದು ಮಡಿಕೆಯ ಪಕ್ಕೆ. ನಮ್ಮ ಭಾಗದಲ್ಲಿ ಈ ಶಿಲೆಗಳ ಸಾಲುಗಳು ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಹೋಗುತ್ತವೆ. ಫೂಟ್ ಅವುಗಳನ್ನು ಪಟ್ಟಿಗಳಾಗಿ ಗುರುತಿಸಿ ಧಾರವಾಡ–ಶಿವಮೊಗ್ಗ, ಡಂಬಳ–ಚಿಕ್ಕನಾಯಕನಹಳ್ಳಿ ಅಂತ ಕರೆದರು. ಎತ್ತಿನ ಗಾಡಿ, ಕುದುರೆಗಳ ಕಾಲದಲ್ಲಿ ಆದ ಕೆಲಸ ಇದು. ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ ಇದೆ. ಭಾರತದ ಹಳೆ ಶಿಲಾಯುಗದ ಮೊದಲ ಕಲ್ಲಿನ ಆಯುಧ ಗುರುತಿಸಿದವರೂ ಅವರೇ, 1863ರಲ್ಲಿ, ಮದರಾಸಿನ ಪಲ್ಲಾವರಂನಲ್ಲಿ. ಅವರ ಹೆಸರು ನಮ್ಮ ಊರಿನ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ?

ನನ್ನನ್ನು ಕಾಡುವ ಒಂದು ಸಂಗತಿ ಹೇಳಲೇಬೇಕು. ನೆಲದ ಒಳಗು ಕಾಣುವ ಜಾಗಗಳು ಕಡಿಮೆಯಾಗುತ್ತಿವೆ. ಹೊಸ ರಸ್ತೆಗೆ ದಿಬ್ಬ ಕಡಿದಾಗ ಒಂದು ಚೆಂದದ ಮಡಿಕೆ ಹೊರಗೆ ಬಂದಿತ್ತು. ನಾವು ಎರಡನೇ ಸಲ ಹೋಗುವಷ್ಟರಲ್ಲಿ ಅದರ ಮೇಲೆ ಸಿಮೆಂಟ್ ಬಿದ್ದಿತ್ತು. ಮಣ್ಣು ಕುಸಿಯದಂತೆ ಮಾಡಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಮುಚ್ಚುವ ಮುಂಚೆ ಯಾರಾದರೂ ಒಂದು ಫೋಟೋ ತೆಗೆದು ಅಳತೆ ಬರೆದಿಟ್ಟರೆ ಸಾಕು. ಹಳೆಯ ಬಾವಿಗಳನ್ನೂ ಕಸ ತುಂಬಿ ಮುಚ್ಚುತ್ತಿದ್ದಾರೆ. ಅದಕ್ಕೇ ನಮ್ಮ ರಿಜಿಸ್ಟರಿನಲ್ಲಿ ಕಲ್ಲಿಗಿಂತ ಜಾಗಗಳ ವಿವರ ಜಾಸ್ತಿ ಇದೆ. ಫೋಟೋದಲ್ಲಿ ಅಳತೆಗೆ ಒಂದು ಸ್ಕೇಲ್, ಪದರದ ದಿಕ್ಕು, ಓರೆ, ಜಿಪಿಎಸ್ ಗುರುತು, ಅಂದು ಇದ್ದವರ ಸಹಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ನಕ್ಷೆಗಳು ಸಿಗುತ್ತವೆ. ಅವುಗಳ ಪಕ್ಕ ಇಟ್ಟು ನಮ್ಮ ಟಿಪ್ಪಣಿ ಸರಿಹೊಂದಿಸುತ್ತೇವೆ. ಟೀಚರ್ ತಮ್ಮ ಶಾಲೆಯಲ್ಲಿ ಒಂದು ಕಪಾಟು ಕೊಡಿಸಿದ್ದಾರೆ. ನಂಬರ್ ಹಾಕಿದ ಕಲ್ಲುಗಳು ಅಲ್ಲಿವೆ, ಮಕ್ಕಳು ಮುಟ್ಟಿ ನೋಡಬಹುದು.

ಮುಂದಿನ ಚಳಿಗಾಲಕ್ಕೆ ಗಜೇಂದ್ರಗಡ ಅಂತ ತೀರ್ಮಾನವಾಗಿದೆ. ಅಲ್ಲಿ ಕಾಳಕಾಲೇಶ್ವರನ ಬೆಟ್ಟದ ಕಡೆ ಮರಳುಗಲ್ಲಿನ ಬಂಡೆಗಳಿವೆ. ಅವು ಧಾರವಾಡ ಶಿಲೆಗಳಿಗಿಂತ ಬಹಳ ಎಳೆಯವು. ಹಳೆಯ ನೆಲ ಸವೆದು ಸಮತಟ್ಟಾದ ಮೇಲೆ ಅದರ ಮೇಲೆ ಬಂದು ಕೂತವು. ಹಳೆಯದು ಮುಗಿದು ಹೊಸದು ಶುರುವಾಗುವ ಗೆರೆಯನ್ನು ಕಣ್ಣಾರೆ ಕಾಣಬೇಕು, ಸಿಕ್ಕರೆ ಅಳತೆ ಬರೆಯಬೇಕು ಅಂತ ನಮ್ಮ ಆಸೆ. ಬೋರ್‌ವೆಲ್ ಹುಡುಗ ಸ್ವಂತ ದಿಕ್ಸೂಚಿ ಕೊಂಡಿದ್ದಾನೆ. ಬಾವಿಯ ಯಜಮಾನರೂ ಬರುತ್ತೇನೆ ಅಂದಿದ್ದಾರೆ, ಜೋಳದ ಸುಗ್ಗಿ ಮುಗಿದ ಮೇಲೆ ಇಟ್ಟುಕೊಂಡರೆ. ಹಾಗಾಗಿ ತಾರೀಖು ಇನ್ನೂ ಹಾಕಿಲ್ಲ.