ಡ್ರೇಪ್ ಕೆಳಗಿಂದ ಬರುವ ಮಾತನ್ನೂ ಕೇಳಿ

ಮಂಡ್ಯದ ಒಂದು ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹೋಗುವ ಕೊಳವೆ) ಹಾಕುವಾಗ ರೋಗಿ ಎಚ್ಚರವಾಗಿದ್ದರೆ ನಾವೆಲ್ಲ ಹೇಳುವುದು ಒಂದೇ, "ಅಲ್ಲಾಡಬೇಡಿ, ಮಾತಾಡಬೇಡಿ, ಈಗ ಮುಗಿಯುತ್ತೆ." ಅದರಲ್ಲಿ ಆ "ಮಾತಾಡಬೇಡಿ" ಅನ್ನೋದನ್ನು ಬಿಟ್ಟುಬಿಡಿ ಅಂತ ಹೊಸ ಸಿಸ್ಟರ್‌ಗಳಿಗೆ ಹೇಳೋಣ ಅನಿಸಿತು.

ಲೈನ್ ಹಾಕೋದು ಹೀಗೆ: ಮೊದಲು ರಕ್ತನಾಳಕ್ಕೆ ಸೂಜಿ, ಅದರೊಳಗಿಂದ ದಾರಿ ತೋರಿಸುವ ತೆಳು ತಂತಿ ಅಂದರೆ ಗೈಡ್‌ವೈರ್, ಆಮೇಲೆ ಸೂಜಿ ತೆಗೆದು ದಾರಿ ಅಗಲ ಮಾಡುವ ಡೈಲೇಟರ್, ಕೊನೆಗೆ ವೈರ್ ಮೇಲೆ ಕ್ಯಾಥೆಟರ್, ಅಂದರೆ ಒಳಗೆ ಉಳಿಯುವ ಕೊಳವೆ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ತೋರಿಸಿಕೊಟ್ಟ ದಾರಿ ಇದು. ವೈರ್ ಎಲ್ಲಿಗೆ ಹೋಗುತ್ತೋ ಕ್ಯಾಥೆಟರ್ ಕೂಡ ಅಲ್ಲಿಗೇ ಹೋಗುತ್ತೆ.

ಅವತ್ತು ಮದ್ದೂರು ಕಡೆಯ ರೈತರೊಬ್ಬರಿಗೆ ತೀವ್ರ ಸೋಂಕಿನಿಂದ ಸೆಪ್ಸಿಸ್ ಆಗಿ ಬಿಪಿ ನಿಲ್ಲುತ್ತಲೇ ಇರಲಿಲ್ಲ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಕೊಡೋದಕ್ಕೆ ಬಲಗಡೆ ಕಾಲರ್ ಬೋನ್ ಕೆಳಗೆ ಸಬ್‌ಕ್ಲೇವಿಯನ್ ಅನ್ನೋ ರಕ್ತನಾಳಕ್ಕೆ ಡಾಕ್ಟರ್ ಲೈನ್ ಹಾಕುತ್ತಿದ್ದರು. ರಕ್ತ ಚೆನ್ನಾಗಿ ಬಂತು, ವೈರ್ ಸರಾಗವಾಗಿ 20 ಸೆಂಟಿಮೀಟರ್ ಗುರುತಿನವರೆಗೂ ಹೋಯಿತು. ಮಾನಿಟರ್‌ನಲ್ಲಿ ಒಂದೂ ಎಕ್ಟೋಪಿಕ್ ಬೀಟ್ (ವೈರ್ ತುದಿ ಹೃದಯಕ್ಕೆ ತಾಗಿದಾಗ ಬರುವ ಅಡ್ಡ ಬಡಿತ) ಇಲ್ಲ. ಅಷ್ಟರಲ್ಲಿ ರೋಗಿಯ ಮೇಲೆ ಹೊದಿಸಿದ್ದ ಸ್ಟೆರೈಲ್ ಬಟ್ಟೆಯ, ಅಂದರೆ ಡ್ರೇಪ್‌ನ ಕೆಳಗಿಂದ ಅವರ ದನಿ, "ಕಿವಿ ಹಿಂದ್ಲೆ ಏನೋ ಹರಿದಂಗಾಯ್ತದೆ ಕಣವ್ವಾ."

ನಾನು ಜೋರಾಗಿಯೇ ಹೇಳಿದೆ, "ಸಾರ್, ಕಿವಿ ಹತ್ರ ಅಂತಿದ್ದಾರೆ." ಡಾಕ್ಟರ್ ಅಲ್ಲೇ ಕೈ ನಿಲ್ಲಿಸಿದರು. ಸ್ಟೆರೈಲ್ ಕವರ್ ಹಾಕಿದ್ದ ಅಲ್ಟ್ರಾಸೌಂಡ್ ಪ್ರೋಬನ್ನು ಕತ್ತಿಗೆ ಇಟ್ಟರೆ, ಕತ್ತಿನ ದೊಡ್ಡ ರಕ್ತನಾಳವಾದ ಜುಗುಲರ್ ವೇನ್‌ನ ಕಪ್ಪು ವೃತ್ತದ ಒಳಗೆ ಬೆಳ್ಳಗೆ ಒಂದು ಚುಕ್ಕೆ. ವೈರ್ ಎದೆಯ ಕಡೆ ಇಳಿಯುವ ಬದಲು ಕತ್ತಿಗೆ ಹತ್ತಿತ್ತು!

ಸಬ್‌ಕ್ಲೇವಿಯನ್‌ನಲ್ಲಿ ಇದು ಆಗುವಂಥದ್ದೇ, ಯಾರ ಕೈಯಲ್ಲಾದರೂ ಆಗಬಹುದು. ಆದರೆ ಹಾಗೇ ಕ್ಯಾಥೆಟರ್ ಹಾಕಿಬಿಟ್ಟರೆ ಔಷಧಿ ರಕ್ತದ ಹರಿವಿಗೆ ಎದುರಾಗಿ ಮೇಲಕ್ಕೆ ಹೋಗುತ್ತೆ, ಸಿವಿಪಿ (ಹೃದಯದ ಹತ್ತಿರದ ದೊಡ್ಡ ರಕ್ತನಾಳದ ಒತ್ತಡ) ತಪ್ಪು ತೋರಿಸುತ್ತೆ, ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ.

ಸೂಜಿ ಇನ್ನೂ ಒಳಗೇ ಇತ್ತು. ಡಾಕ್ಟರ್ ವೈರನ್ನು ಮಾತ್ರ ಎಳೆಯಲಿಲ್ಲ, ಸೂಜಿ ವೈರ್ ಎರಡನ್ನೂ ಒಟ್ಟಿಗೇ ತೆಗೆದರು. ಇದನ್ನು ಗಟ್ಟಿಯಾಗಿ ನೆನಪಿಡಿ, ಸೂಜಿಯ ಅಂಚಿಗೆ ಸಿಕ್ಕಿದ ವೈರನ್ನು ಬಲವಂತವಾಗಿ ಎಳೆದರೆ ತುಂಡಾಗಿ ಒಳಗೇ ಉಳಿಯಬಹುದು. ಎರಡನೇ ಸಲ ವೈರಿನ ಜೆ ಅಕ್ಷರದಂತೆ ಬಾಗಿದ ತುದಿಯನ್ನು ಕಾಲಿನ ಕಡೆಗೆ ತಿರುಗಿಸಿದರು, ಗ್ಲೌಸ್ ಹಾಕಿದ್ದ ಇನ್ನೊಬ್ಬ ಡಾಕ್ಟರ್ ಕಾಲರ್ ಬೋನ್‌ಗಿಂತ ಮೇಲ್ಗಡೆ ಕತ್ತಿನ ಬುಡದಲ್ಲಿ ಬೆರಳಿಂದ ಒತ್ತಿ ಕತ್ತಿನ ದಾರಿ ಮುಚ್ಚಿದರು. ಈ ಸಲ ಒಂದೆರಡು ಎಕ್ಟೋಪಿಕ್ ಬಂತು, ವೈರ್ ಸ್ವಲ್ಪ ಹಿಂದಕ್ಕೆ ತಂದ ಕೂಡಲೇ ನಿಂತಿತು. ಕತ್ತಿನಲ್ಲಿ ಚುಕ್ಕೆ ಇಲ್ಲ. ಆಮೇಲೇ ಡೈಲೇಟರ್.

ಎಕ್ಟೋಪಿಕ್ ಬರಲಿಲ್ಲ ಅಂದ ಮಾತ್ರಕ್ಕೆ ವೈರ್ ತಪ್ಪಿದೆ ಅಂತಲ್ಲ. ಎಲ್ಲ ರೋಗಿಗಳಿಗೂ ಕಿವಿ ಹತ್ತಿರ ಗೊತ್ತಾಗುತ್ತೆ ಅಂತಲೂ ಇಲ್ಲ. ವೆಂಟಿಲೇಟರ್ ಮೇಲಿರುವವರು ಹೇಳೋದಾದರೂ ಹೇಗೆ? ಅದಕ್ಕೇ ಡೈಲೇಟರ್ ಕೈಗೆ ಕೊಡುವ ಮೊದಲು "ಸಾರ್, ಕತ್ತು ಒಂದ್ಸಲ ನೋಡಿಬಿಡೋಣ್ವಾ?" ಅಂತ ಕೇಳುತ್ತೇನೆ. ಕೊನೆಗೆ ಎಕ್ಸ್‌ರೇ ಇದ್ದೇ ಇದೆ, ಆದರೆ ಅದು ಬರುವಷ್ಟರಲ್ಲಿ ಹೊಲಿಗೆ ಹಾಕಿ ಆಗಿರುತ್ತೆ. ಎಚ್ಚರವಿರುವವರಿಗೆ ಡ್ರೇಪ್ ಹಾಕುವ ಮುಂಚೆಯೇ ಹೇಳಿಡುತ್ತೇನೆ, "ತಲೆ ಅಲ್ಲಾಡಿಸಬೇಡಿ ಅಣ್ಣ, ಆದ್ರೆ ಕಿವಿ, ಕತ್ತು, ಎದೆ ಎಲ್ಲೇ ಏನೇ ಅನ್ಸಿದ್ರೂ ತಕ್ಷಣ ಹೇಳಿ."