ಕಿವಿ ಕೊಟ್ಟ ತೀರ್ಪು

2022ರ ಅಕ್ಟೋಬರ್, ಶನಿವಾರ ಬೆಳಿಗ್ಗೆ. ಒಹಾಯೊದ ಕೊಲಂಬಸ್ ಹತ್ತಿರದ ಒಂದು ಹೈಸ್ಕೂಲ್ ಮೈದಾನ, ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಮೂರು ವರ್ಷ ಕಪ್ಪು ಟೋಪಿ ಹಾಕಿಕೊಂಡು ಗೆರೆ ಕಾಯ್ದಿದ್ದ ನನಗೆ ಅಂದು ಮೊದಲ ಸಲ ಬಿಳಿ ಟೋಪಿ ಸಿಕ್ಕಿತ್ತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬಿಳಿ ಟೋಪಿ ಎಂದರೆ ರೆಫರಿ, ಮುಖ್ಯ ತೀರ್ಪುಗಾರ.

ರೆಫರಿ ಪಾಸ್ ಎಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್‌ನ ಹಿಂದೆ ಹತ್ತು ಹನ್ನೆರಡು ಗಜ ದೂರದಲ್ಲಿ, ಅವನು ಎಸೆಯುವ ಕೈಯ ಕಡೆಗೆ ನಿಲ್ಲುತ್ತಾನೆ. ಚೆಂಡು ಕೈಬಿಟ್ಟ ಕ್ಷಣ ‘ಬಾಲ್ ಗಾನ್’ ಎಂದು ಕೂಗಬೇಕು, ನುಗ್ಗಿ ಬರುವವರಿಗೆ ಗೊತ್ತಾಗಲಿ ಅಂತ. ಆಮೇಲೆ ಚೆಂಡಿನ ಕಡೆ ತಿರುಗಿಯೂ ನೋಡಬಾರದು. ಇಡೀ ಮೈದಾನ ಆಕಾಶ ನೋಡುತ್ತಿರುವಾಗ ನಾನೊಬ್ಬ ಆ ಹುಡುಗನನ್ನೇ ನೋಡುತ್ತಿರಬೇಕು. ಎಸೆದ ಕೈ ಮುಂದಕ್ಕೆ ಚಾಚಿ, ಪಕ್ಕೆಲುಬು ತೆರೆದುಕೊಂಡು, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿರುತ್ತಾನಲ್ಲ, ಆಗ ಅವನಿಂದ ತನ್ನನ್ನು ಕಾಪಾಡಿಕೊಳ್ಳಲು ಆಗದು.

ಚೆಂಡು ಹೋಯಿತೆಂದು ಸ್ಪಷ್ಟವಾದ ಮೇಲೆ ಎದುರಾಳಿ ಡಿಕ್ಕಿ ತಪ್ಪಿಸಲು ನಿಜವಾದ ಪ್ರಯತ್ನ ಮಾಡಬೇಕು ಎನ್ನುತ್ತದೆ ಹೈಸ್ಕೂಲ್ ನಿಯಮ. ಇಲ್ಲದಿದ್ದರೆ ಅದು ‘ರಫಿಂಗ್ ದ ಪಾಸರ್’, ದಂಡ 15 ಗಜ, ಜೊತೆಗೆ ಪುಕ್ಕಟೆ ಫಸ್ಟ್ ಡೌನ್, ಅಂದರೆ ಹತ್ತು ಗಜ ದಾಟಲು ಹೊಸದಾಗಿ ನಾಲ್ಕು ಅವಕಾಶ. ಈ ‘ಪ್ರಯತ್ನ’ ಇದೆಯಲ್ಲ, ಅದೇ ತಲೆನೋವು. ಓಡಿ ಬರುವವನ ಮನಸ್ಸು ನಮಗೆ ಕಾಣದು. ಕಾಣುವುದು ಎಷ್ಟು ಹೆಜ್ಜೆ ಇಟ್ಟ, ಭುಜ ತಿರುಗಿಸಿದನೋ ಇಲ್ಲವೋ, ಕೈಯಲ್ಲಿ ಬಾಚಿ ನೆಲಕ್ಕೆ ಅಪ್ಪಳಿಸಿದನೋ, ಅಷ್ಟೇ.

ಆ ವಾರವಂತೂ ಎಲ್ಲರ ಬಾಯಲ್ಲೂ ಇದೇ ಮಾತು. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಭಾನುವಾರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು ಕೆಡವಿದ ಗ್ರೇಡಿ ಜ್ಯಾರೆಟ್‌ಗೆ ದಂಡ ಬಿದ್ದಿತ್ತು. ಮಾರನೇ ರಾತ್ರಿ ಕ್ಯಾನ್ಸಸ್ ಸಿಟಿಯ ಕ್ರಿಸ್ ಜೋನ್ಸ್, ಎದುರಾಳಿ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಕೈಯಿಂದ ಚೆಂಡು ಕಿತ್ತುಕೊಂಡೇ ಅವನ ಮೇಲೆ ಬಿದ್ದಿದ್ದ. ಮೈಭಾರ ಹಾಕಿದ ಎಂದು ಅವನಿಗೂ ದಂಡ. ಮೈಭಾರದ ವಿಷಯದಲ್ಲಿ ಎನ್‌ಎಫ್‌ಎಲ್ 2018ರಿಂದಲೇ ಬಿಗಿಯಾಗಿತ್ತು. ಕಿತ್ತುಕೊಂಡ ಚೆಂಡು ಕೈಯಲ್ಲಿರುವಾಗ ಮೈಭಾರವನ್ನು ಎಲ್ಲಿಡಬೇಕೋ, ನನಗಂತೂ ಇವತ್ತಿಗೂ ಹೊಳೆದಿಲ್ಲ.

ನಮ್ಮ ಪಂದ್ಯದ ಎರಡನೇ ಕ್ವಾರ್ಟರ್. ಥರ್ಡ್ ಡೌನ್, ಅಂದರೆ ಮೂರನೇ ಅವಕಾಶ, ಇನ್ನೂ 12 ಗಜ ಬೇಕು. ಹುಡುಗ ಎಸೆದ. ‘ಬಾಲ್ ಗಾನ್’ ಎಂದೆ. ಹಿಂದೆಯೇ ಧಡ್ ಎಂದಿತು. ನೋಡಿದರೆ ಹುಡುಗ ಅಂಗಾತ ಬಿದ್ದಿದ್ದಾನೆ, ಪಕ್ಕದಲ್ಲಿ 54ನೇ ನಂಬರಿನವನು. ದಂಡದ ಗುರುತಾದ ಹಳದಿ ಬಟ್ಟೆ ಎಸೆದೆ. ಪಾಸ್ ಕೈಗೆ ಸಿಕ್ಕಿರಲಿಲ್ಲ, ಪಂಟ್ ಮಾಡಿ, ಅಂದರೆ ಚೆಂಡು ಒದ್ದು ಎದುರಾಳಿಗೆ ಬಿಟ್ಟುಕೊಡಬೇಕಿದ್ದ ತಂಡಕ್ಕೆ ಫಸ್ಟ್ ಡೌನ್ ಸಿಕ್ಕಿತು. “ಇದು ಎನ್‌ಎಫ್‌ಎಲ್ ಅಲ್ಲ!” ಎಂದು ಕೋಚ್ ಗೆರೆಯಾಚೆಯಿಂದ ಅರಚಿದ.

54 ಹತ್ತಿರ ಬಂದು ಮೆಲ್ಲಗೆ ಕೇಳಿದ, “ಸರ್, ನಾನೇನು ಮಾಡಬೇಕಿತ್ತು?”

“ಎರಡನೇ ಹೆಜ್ಜೆ ಇಡಬಾರದಿತ್ತು,” ಅಂದೆ.

ಅವನ ಹೆಜ್ಜೆಯನ್ನು ನಾನು ನೋಡಿಯೇ ಇರಲಿಲ್ಲ. ‘ಬಾಲ್ ಗಾನ್’ ಅಂದವನ ಕಣ್ಣು ಚೆಂಡಿನ ಹಿಂದೆಯೇ ಹಾರಿತ್ತು. ಶಿವಮೊಗ್ಗದಲ್ಲಿ ಕಾಲೇಜು ಪಂದ್ಯಗಳಿಗೆ ಅಂಪೈರ್ ನಿಲ್ಲುತ್ತಿದ್ದವನು ನಾನು. ಅಲ್ಲಿ ಕಣ್ಣು ಬೌಲರನ ಕಾಲು ಬಿಟ್ಟು ಚೆಂಡಿಗೆ ಹಾರಲೇಬೇಕು, ಕೀಪರ್ ಕ್ಯಾಚಿಗೆ ಬ್ಯಾಟ್ ಅಂಚಿನ ‘ಟಿಕ್’ ಸದ್ದೇ ಅರ್ಧ ಸಾಕ್ಷಿ. ಇಲ್ಲೂ ಸದ್ದು ಕೇಳಿ ಶಿಕ್ಷೆ ಕೊಟ್ಟಿದ್ದೆ.

ಮಧ್ಯಂತರದಲ್ಲಿ ಪಕ್ಕದ ಗೆರೆಯ ಹಿರಿಯ ಸಹೋದ್ಯೋಗಿ ಕೇಳಿದರು: “ಏನು ಕಂಡೆ?” ನಾನು ಸುಮ್ಮನಿದ್ದೆ. 54 ಭುಜ ತಿರುಗಿಸಿ ತಪ್ಪಿಸಿಕೊಂಡಿದ್ದನಂತೆ. ಧಡ್ ಎಂದದ್ದು ಅವನ ಪ್ಯಾಡಿಗೆ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಗಾರ್ಡ್ ಹುಡುಗನ ಪ್ಯಾಡ್ ಬಡಿದು, ಕ್ವಾರ್ಟರ್‌ಬ್ಯಾಕ್ ಇಬ್ಬನಿಗೆ ಜಾರಿ ಬಿದ್ದಿದ್ದನಂತೆ. ಆಗಲೇ ಯಾಕೆ ಹೇಳಲಿಲ್ಲ ಎಂದೆ. “ನೀನು ನೋಡಿರ್ತೀಯ ಅಂದುಕೊಂಡೆ,” ಅಂದರು.

ಕೊನೆಯ ಕ್ವಾರ್ಟರ್‌ನಲ್ಲಿ ಅದೇ ಹುಡುಗ ಮತ್ತೊಂದು ಉದ್ದನೆಯ ಪಾಸ್ ಎಸೆದ. ‘ಬಾಲ್ ಗಾನ್!’ 54 ನುಗ್ಗಿ ಬಂದ, ಒಂದು ಹೆಜ್ಜೆ, ಎರಡೂ ಅಂಗೈ ತೆರೆದು ಮೇಲಕ್ಕೆತ್ತಿ ಪಕ್ಕಕ್ಕೆ ಜಾರಿಕೊಂಡ. ಹೋಗುವಾಗ ಒಮ್ಮೆ ನನ್ನ ಮುಖ ನೋಡಿದ. ಅದರ ಬೆನ್ನಲ್ಲೇ ಜನ ಎದ್ದು ಕೂಗಿದರು. ಯಾಕೆಂದು ತಿಳಿಯಲು ನಾನು ಸ್ಕೋರ್‌ಬೋರ್ಡ್ ನೋಡಬೇಕಾಯಿತು. ಟಚ್‌ಡೌನ್ ಆಗಿತ್ತು.