ಅವರೆ ಸಿಪ್ಪೆ, ಇದ್ದಿಲು ಮತ್ತು ದೊಡ್ಡಪ್ಪನ ಪ್ರಶ್ನೆ

ಜನವರಿ 5, 2025, ಭಾನುವಾರ

ಮಣ್ಣು ಪರೀಕ್ಷೆ ಚೀಟಿ ಕೈಗೆ ಬಂತು. ಸಾವಯವ ಇಂಗಾಲ 0.42. ಶೇಕಡಾ ಅರ್ಧಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಅಂತ ಬರೀತಾರೆ, ಬರೆದಿದ್ದಾರೆ. ಹಿಂದಿನ ಚೀಟಿಯಲ್ಲೂ ಹೆಚ್ಚುಕಮ್ಮಿ ಇಷ್ಟೇ. ನಡುವೆ ಅಷ್ಟೊಂದು ಇದ್ದಿಲು ಸುರಿದಿದ್ದೇವಲ್ಲ, ಅದೂ ಇಂಗಾಲವೇ, ಅದೆಲ್ಲ ಎಲ್ಲಿ ಹೋಯಿತು?

ದೊಡ್ಡಪ್ಪ ಜಗಲಿ ಮೇಲೆ ಅವರೆಕಾಳು ಹಿತುಕುತ್ತಾ ಕೂತಿದ್ದರು. ಚೀಟಿಯನ್ನು ದೂರ ಹಿಡಿದು ಓದಿದರು.

“ಇದ್ದಿಲು ನೂರಾರು ವರ್ಷ ಕೊಳೆಯಲ್ಲ ಅಂತೀಯ. ಕೊಳೆಯದೇ ಇರೋದು ಗೊಬ್ಬರ ಹೆಂಗಾಗ್ತದೆ?”

“ಅದು ಗೊಬ್ಬರ ಅಲ್ಲ ದೊಡ್ಡಪ್ಪ. ಗೊಬ್ಬರ ಹಿಡಿದಿಡೋಕೆ.”

“ಯಾರ ಗೊಬ್ಬರ?”

“ನಿಮ್ಮ ಮುಂದಿರೋ ಸಿಪ್ಪೆದೇ.”

ಈ ತಿಂಗಳು ನಮ್ಮ ಕಡೆ ಎಲ್ಲಿ ನೋಡಿದರೂ ಅವರೆ ಸಿಪ್ಪೆ. ನೀರು, ಸಾರಜನಕ ಎರಡೂ ಜಾಸ್ತಿ, ಬೇಗ ಕೊಳೆಯುತ್ತೆ. ಬರೀ ಸಿಪ್ಪೆ ತುಂಬಿದ ಗುಂಡಿ ಮುಂದೆ ನಿಂತರೆ ಅಮೋನಿಯ ಮೂಗಿಗೆ ಚುರ್ ಅನ್ನುತ್ತೆ. ಮೂಗಿಗೆ ಬಂದಷ್ಟು ಸಾರಜನಕ ಗಿಡಕ್ಕೆ ಇಲ್ಲ. ಸಿಪ್ಪೆಯ ಇಂಗಾಲದಲ್ಲಿ ಬಹುಪಾಲು ಕೂಡ ಗಾಳಿಗೇ. ಪಕ್ಕದ ಗುಂಡಿಯಲ್ಲಿ ನೀಲಗಿರಿ ಕೊಂಬೆ ಸುಟ್ಟು, ಬೂದಿಯಾಗುವ ಮುಂಚೆ ನೀರು ಹೊಯ್ದು ಮಾಡಿದ ಇದ್ದಿಲು ಬೆರೆಸಿದ್ದೆ. ಬಯೋಚಾರ್ ಅಂದರೆ ಅದೇ. ಅಲ್ಲಿ ವಾಸನೆ ಕಡಿಮೆ, ತಳದಲ್ಲಿ ಕರಿನೀರು ನಿಂತಿಲ್ಲ. ಒಂದು ಚೂರು ಮುರಿದರೆ ಒಳಗೂ ತೇವ, ಬಿರುಕಿನುದ್ದಕ್ಕೂ ಬಿಳಿ ಬೂಷ್ಟಿನ ಎಳೆ.

ಅದನ್ನೇ ತಂದು ತೋರಿಸಿದೆ. ದೊಡ್ಡಪ್ಪ ಅಂಗೈಯಲ್ಲಿ ಹೊರಳಿಸಿ ನೋಡಿದರು.

“ಹುಳಗಳಿಗೆ ಮನೆ ಕಟ್ಟಿಕೊಟ್ಟಿದ್ದೀಯ. ಸಿಪ್ಪೆ ಮುಗಿದ ಮೇಲೆ ಊಟಕ್ಕೆ ಎಲ್ಲಿಗೆ ಹೋಗ್ತವೆ? ಮಣ್ಣಲ್ಲಿರೋ ಹಳೇ ಸಾರಕ್ಕೇ ಕೈ ಹಾಕಲ್ವಾ?”

ಓದಿದವರು ವರ್ಷಗಟ್ಟಲೆ ಜಗಳ ಆಡಿದ್ದು ಇದೇ ಮಾತಿಗೆ. ಸ್ವೀಡನ್ನಿನ ಕಾಡಲ್ಲಿ ವಾರ್ಡಲ್ ಅನ್ನೋ ವಿಜ್ಞಾನಿ ಮತ್ತು ಜೊತೆಯವರು ಕಾಡಿನ ಕಪ್ಪು ಗೊಬ್ಬರಕ್ಕೆ ಇದ್ದಿಲು ಬೆರೆಸಿ, ಬಲೆಚೀಲದಲ್ಲಿ ಹತ್ತು ವರ್ಷ ಇಟ್ಟಿದ್ದರು. ಎರಡನ್ನೂ ಬೇರೆ ಬೇರೆ ಇಟ್ಟ ಚೀಲಗಳ ಲೆಕ್ಕಕ್ಕಿಂತ ಬೆರೆಸಿದ್ದು ಜಾಸ್ತಿ ಕರಗಿತ್ತು. 2008ರಲ್ಲಿ ಅದು ಅಚ್ಚಾದಾಗ, ಕರಗಿದ್ದೆಲ್ಲ ಗಾಳಿಗೆ ಹೋಗಿರಬೇಕಿಲ್ಲ, ಚೀಲದಿಂದ ಕೆಳಗಿನ ಮಣ್ಣಿಗೂ ಇಳಿದಿರಬಹುದು ಅಂತ ಬೇರೆಯವರು ತಕರಾರು ತೆಗೆದರು. ಆಮೇಲೆ ಎಷ್ಟೋ ಕಡೆ ಕಂಡಿದ್ದು ಇದು: ಮೊದಮೊದಲು ಸೂಕ್ಷ್ಮಜೀವಿಗಳು ಚುರುಕಾಗಿ ಹಳೆಯದನ್ನೂ ತಿನ್ನುತ್ತವೆ. ದಿನ ಕಳೆದಂತೆ ಕೊಳೆತ ರಸ ಇದ್ದಿಲಿಗೂ ಜೇಡಿಗೂ ಅಂಟಿಕೊಂಡು ಕೊಳೆಯೋದು ನಿಧಾನವಾಗುತ್ತೆ. ಎಷ್ಟು ಬಿಸಿಯಲ್ಲಿ ಸುಟ್ಟಿದ್ದು, ಯಾವ ಮಣ್ಣು ಅನ್ನೋದರ ಮೇಲೆ ಎಲ್ಲ ಬದಲಾಗುತ್ತೆ. ದೊಡ್ಡಪ್ಪ ಒಂದೂ ಓದದೆ ನೇರ ಅಲ್ಲಿಗೇ ಬಂದರು. ಸ್ವಲ್ಪ ಹೊಟ್ಟೆ ಉರೀತು.

ಮಧ್ಯಾಹ್ನ ಹಿತಕಿದ ಬೇಳೆ ಸಾರು, ಮುದ್ದೆ. ಎರಡನೇ ಮುದ್ದೆ ಬೇಕಿರಲಿಲ್ಲ.

ಸಂಜೆ ಚೀಟಿ ಮತ್ತೆ ತೆಗೆದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾಡೋದು ವಾಕ್ಲಿ-ಬ್ಲಾಕ್ ಪರೀಕ್ಷೆ, ಡೈಕ್ರೋಮೇಟ್ ಅನ್ನೋ ರಾಸಾಯನಿಕದಿಂದ ಮಣ್ಣಿನ ಇಂಗಾಲ ಕರಗಿಸಿ ಅಳೆಯೋದು. ಡೈಕ್ರೋಮೇಟ್, ಗಂಧಕಾಮ್ಲ ಬೆರೆತಾಗ ಹುಟ್ಟುವ ಬಿಸಿಯಷ್ಟೇ ಅದಕ್ಕೆ ಆಧಾರ. ಆ ಬಿಸಿಗೆ ಇದ್ದಿಲು ಸರಿಯಾಗಿ ಜಗ್ಗಲ್ಲ. ಮಣ್ಣನ್ನು ಪೂರ್ತಿ ಸುಟ್ಟು ಅಳೆಯೋ ಯಂತ್ರಕ್ಕೆ ಕೊಟ್ಟರೆ ಇದ್ದಿಲೂ ಲೆಕ್ಕಕ್ಕೆ ಬಂದು ಅಂಕಿ ಜಿಗಿಯುತ್ತೆ. ಆದರೆ ಅದನ್ನು ನಂಬಿ ಮಣ್ಣು ಕೊಬ್ಬಿದೆ ಅನ್ನೋದೂ ಸುಳ್ಳೇ.

ಅಂದರೆ ಈ 0.42 ಬಹುಪಾಲು ಸಿಪ್ಪೆ, ಸಗಣಿ, ಬೇರುಗಳ ಲೆಕ್ಕ. ಏರಿಲ್ಲ. ದೊಡ್ಡಪ್ಪ ಹೆದರಿಸಿದ ಹಾಗೆ ಇಳಿದೂ ಇಲ್ಲ. ಇದ್ದಿಲು ಹಾಕದೇ ಇದ್ದಿದ್ದರೆ ಇಳೀತಿತ್ತಾ? ಅದು ತಿಳೀಬೇಕಾದರೆ ಬರೀ ಸಿಪ್ಪೆ ಗೊಬ್ಬರ ಹಾಕಿದ ಮಡಿ ಒಂದು ಪಕ್ಕದಲ್ಲಿ ಬೇಕು. ನಮ್ಮ ಹೊಲದಲ್ಲಿ ಇದ್ದಿಲು ಮುಟ್ಟದ ಜಾಗ ಉಳಿದಿಲ್ಲ. ಬದುವಿನ ಆಚೆ ಇದೆ, ಅದೇ ಕೆಂಪು ಮಣ್ಣು, ಅದೇ ಬೋರ್‌ವೆಲ್ ನೀರು. ಆದರೆ ಅದು ದೊಡ್ಡಪ್ಪನ ಪಾಲು, ಅಲ್ಲಿ ಈಗ ಟೊಮೇಟೊ ನಾಟಿಗೆ ಸಾಲು ಹೊಡೆಸುತ್ತಿದ್ದಾರೆ, ನಾಳೆ ಬೆಳಿಗ್ಗೆ ಕೇಳಿದರೆ ಮೊದಲು ಕೇಳೋದೇ ಬಾಡಿಗೆ ಎಷ್ಟು ಕೊಡ್ತೀಯ ಅಂತ, ಅದಕ್ಕೆ ಅತ್ತಿಗೆ ಕೈಲಿ ಹೇಳಿಸಿದರೆ...